ಅಮ್ಮನ ನೆನಪಿನ ಪುಸ್ತಕ ಮಾಡುವುದು ಹೇಗೆ: ಅರ್ಧ ಮನೆಯಲ್ಲಿ, ಅರ್ಧ ಊರಲ್ಲಿ

ಅಮ್ಮ ತೀರಿಕೊಂಡ ಹದಿಮೂರನೇ ದಿನ. ಎರಡನೇ ಪಂಕ್ತಿಯ ಊಟ ಮುಗಿದು ಜನ ಏಳುತ್ತಿದ್ದರು. ನಾವು ಮೂವರು ಮಕ್ಕಳು ಅಂಗಳದ ಬದಿಯಲ್ಲಿ ನಿಂತಿದ್ದೆವು. ಬಂದವರಲ್ಲಿ ಅರ್ಧಕ್ಕರ್ಧ ಜನರ ಗುರುತು ನಮಗೆ ಇರಲಿಲ್ಲ. ವಯಸ್ಸಾದ ಒಬ್ಬರು ಹೆಂಗಸು ನನ್ನ ಕೈ ಹಿಡಿದುಕೊಂಡು ತುಳುವಿನಲ್ಲಿ, "ಅಕ್ಕೆರ್ ಬತ್ತೆರ್ಡ ಎಂಕ್ ಧೈರ್ಯ" ಅಂದರು. ಅಕ್ಕ ಬಂದರೆ ನನಗೆ ಧೈರ್ಯ. ಅಮ್ಮ ನಾಳೆಯೂ ಬರುತ್ತಾಳೆ ಅನ್ನುವ ಹಾಗಿತ್ತು ಆ ಮಾತು. ನಾನು ತಲೆಯಾಡಿಸಿದೆ, ಅಷ್ಟೆ. ಹೆಸರು ಕೇಳಲಿಲ್ಲ, ಮನೆ ಎಲ್ಲಿ ಅಂತಲೂ ಕೇಳಲಿಲ್ಲ. ಆ ಮನೆ ಹುಡುಕಲು ಆಮೇಲೆ ನನಗೆ ಏಳು ತಿಂಗಳು ಬೇಕಾಯಿತು.

ನಮ್ಮ ತವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಮ್ಮನ ಮೊದಲ ವರ್ಷಕ್ಕೆ ನಾವು 64 ಪುಟದ ಒಂದು ಸಣ್ಣ ಪುಸ್ತಕ ಮಾಡಿದೆವು. ಅದನ್ನು ನೋಡಿದ ಕೆಲವರು "ನಮಗೂ ಹೀಗೆ ಮಾಡಬೇಕು, ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾವು ಮಾಡಿದ್ದೂ ಇದೆ, ಮಾಡಬೇಕಿತ್ತು ಅಂತ ಆಮೇಲೆ ಅನಿಸಿದ್ದೂ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಡ, ಮಕ್ಕಳು, ಅಡುಗೆ, ಹಟ್ಟಿ ಎಲ್ಲ ನೋಡಿಕೊಂಡು ಊರಿನ ಕೆಲಸಕ್ಕೂ ಓಡಾಡಿದ ಹೆಂಗಸಿನ ಬದುಕು ಮನೆಯವರಿಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದ ಅರ್ಧ ಊರವರ ಹತ್ತಿರ ಇದೆ. ನಮ್ಮ ಕಾಸರಗೋಡಿನಲ್ಲಂತೂ ಅದು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಅಂತ ಬೇರೆ ಬೇರೆ ಮಾತುಗಳಲ್ಲಿ ಹಂಚಿಹೋಗಿದೆ. ಮನೆಯವರೇ ಕೂತು ಬರೆದರೆ ಅರ್ಧ ಅಮ್ಮನ ಪುಸ್ತಕ ಆಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ಬರೆಯುವುದಕ್ಕಿಂತ ನಡೆಯುವುದು ಜಾಸ್ತಿ.

ಮೊದಲ ದಿನಗಳು

ಸಾವಿನ ಮನೆಯಲ್ಲಿ ಬರೆಯುವ ಮನಸ್ಸು ಯಾರಿಗೂ ಇರುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. ಆದರೆ ಅಮ್ಮನನ್ನು ಬಲ್ಲವರೆಲ್ಲ ಒಟ್ಟಿಗೆ ಬಂದು ಸೇರುವುದು ಆ ಒಂದೆರಡು ದಿನ ಮಾತ್ರ. ಉತ್ತರಕ್ರಿಯೆ ಅನ್ನಿ, ಬೊಜ್ಜ ಅನ್ನಿ, ನಲವತ್ತನೇ ದಿನ ಅನ್ನಿ, ನಿಮ್ಮ ಮನೆಯ ಕ್ರಮ ಯಾವುದೋ ಅದು. ಅವತ್ತು ಒಂದು 200 ಪುಟದ ನೋಟ್‌ಬುಕ್ಕು ತಂದು ಜಗಲಿಯ ಮೂಲೆಯಲ್ಲಿ ಇಡಿ. ಮನೆಯ ಮಕ್ಕಳಲ್ಲಿ ಒಬ್ಬರನ್ನು ಪೆನ್ನು ಕೊಟ್ಟು ಅಲ್ಲಿ ಕೂರಿಸಿ. ಬಂದವರ ಹೆಸರು, ಮನೆ ಇರುವ ಜಾಗ, ಫೋನ್ ನಂಬರ್, ಅಮ್ಮನ ಪರಿಚಯ ಹೇಗೆ ಅನ್ನುವುದು. ಇಷ್ಟು ಸಾಕು. "ಏನಾದರೂ ಸಂದೇಶ ಬರೆಯಿರಿ" ಅಂತ ಹೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ "ಆತ್ಮಕ್ಕೆ ಸದ್ಗತಿ ಸಿಗಲಿ" ಅಂತ ಬರೆದು ಹೋಗುತ್ತಾರೆ. ಅದು ಅವರ ಪ್ರೀತಿ, ನಿಜ. ಆದರೆ ಆಮೇಲೆ ಅವರನ್ನು ಹುಡುಕಲು ಅದರಿಂದ ಸಹಾಯ ಆಗುವುದಿಲ್ಲ.

ನಾವು ಈ ಕೆಲಸ ಮಾಡಿರಲಿಲ್ಲ. ಮಾಡಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ಇದೇ ದಿನಗಳಲ್ಲಿ ಪಂಚಾಯತಿನಲ್ಲಿ ಮರಣ ನೋಂದಣಿ ಮಾಡಿಸಬೇಕು. 21 ದಿನದ ಒಳಗೆ ಮಾಡಿಸಿದರೆ ತೊಂದರೆ ಇಲ್ಲ. ಅಲ್ಲಿ ಹೆಸರಿನ ಅಕ್ಷರಗಳನ್ನು ಎರಡು ಸಲ ನೋಡಿ. ನಮ್ಮ ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಆಗಿರುತ್ತದೆ. ಕೊನೆಯ ಕಾಗದದಲ್ಲಾದರೂ ಅಮ್ಮನ ಹೆಸರು ಸರಿಯಾಗಿರಲಿ.

ಚೀಲ, ಪೆಟ್ಟಿಗೆ, ಫೋನು

ಅಮ್ಮನ ಚೀಲ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ತಂಗಿ ಅದನ್ನು ಖಾಲಿ ಮಾಡಿ ಒಗೆಯಲು ಹೊರಟಿದ್ದಳು. ನಾನು ತಡೆದೆ. ನೆಲಕ್ಕೆ ಪೇಪರ್ ಹಾಸಿ ಒಂದೊಂದೇ ವಸ್ತು ಹೊರಗಿಟ್ಟೆವು. ಉಗುರು ಕತ್ತರಿಸುವ ಕಟರ್ ನಾಲ್ಕು. ಒಂದು ಬಾಚಣಿಗೆ. ಔಷಧದ ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ. ಒಗೆದು ಮಡಚಿದ ಹಳೆ ಮುಂಡಿನ ತುಂಡುಗಳು. ರಬ್ಬರ್ ಹಾಕಿ ಕಟ್ಟಿದ ಬಸ್ ಟಿಕೆಟುಗಳು. ಮತ್ತೆ ಒಂದು ಕೆಂಪು ಟಾರ್ಚು. ಅಮ್ಮ ಹೆಚ್ಚಾಗಿ ಸಂಜೆ ಐದರ ಬಸ್ಸಿಗೇ ಮನೆಗೆ ಬರುತ್ತಿದ್ದಳು. ಟಾರ್ಚು ಯಾಕೆ ಅಂತ ನಮಗೆ ಹೊಳೆಯಲಿಲ್ಲ. ಪಟ್ಟಿಯಲ್ಲಿ ಬರೆದಿಟ್ಟೆವು.

ನೀವೂ ಹಾಗೇ ಮಾಡಿ. ಏನನ್ನಾದರೂ ಒಗೆಯುವ, ಎಸೆಯುವ, ಹಂಚುವ ಮೊದಲು ಇದ್ದ ಹಾಗೇ ಒಂದು ಫೋಟೋ ತೆಗೆಯಿರಿ. ಆಮೇಲೆ ಪಟ್ಟಿ ಮಾಡಿ. ಆ ಹೊತ್ತಿಗೆ ಅರ್ಥವಾಗದ ವಸ್ತುವನ್ನು ಖಂಡಿತ ಬಿಡಬೇಡಿ. ಟಿಕೆಟಿನಂಥ ಕಸವೂ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಅಮ್ಮನ ಕೈಯಲ್ಲಿದ್ದ ಪುಸ್ತಕಗಳನ್ನು ಎರಡು ಭಾಗ ಮಾಡಿ. ಅಡುಗೆ ಬರೆದದ್ದು, ಹಾಲಿನ ಲೆಕ್ಕ, ಹಾಡಿನ ಪುಸ್ತಕ, ಕಾಗದಗಳು ಮನೆಯವು. ಕೇರಳ ಸರಕಾರದ ಕುಟುಂಬಶ್ರೀ ಯೋಜನೆಯ ಅಯಲ್ಕೂಟದ (ನೆರೆಮನೆಯ ಹೆಂಗಸರ ಉಳಿತಾಯ ಗುಂಪಿನ) ಮಿನಿಟ್ಸ್ ಪುಸ್ತಕ, ಉಳಿತಾಯದ ಲೆಕ್ಕ, ಭಜನಾ ಮಂದಿರದ ರಶೀದಿ ಪುಸ್ತಕ, ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆ) ಮನೆಭೇಟಿಯ ಡೈರಿ ಇವೆಲ್ಲ ಊರಿನವು. ಅವುಗಳನ್ನು ಬೇಗ ವಾಪಸ್ ಕೊಡಿ. ಯಾರ ಸಾಲ ಎಷ್ಟು, ಯಾರಿಗೆ ಯಾವ ಕಾಯಿಲೆ ಅನ್ನುವುದು ಅದರಲ್ಲಿ ಇರುತ್ತದೆ. ಅಮ್ಮನನ್ನು ನಂಬಿ ಹೇಳಿದ ಮಾತುಗಳು ಅವು, ನಮಗೆ ಹೇಳಿದ್ದಲ್ಲ. ಅಮ್ಮನ ಅಕ್ಷರ ನೆನಪಿಗೆ ಬೇಕು ಅನಿಸಿದರೆ ಅಯಲ್ಕೂಟದವರ ಒಪ್ಪಿಗೆ ಕೇಳಿ, ಯಾರ ಹೆಸರೂ ಇಲ್ಲದ ಒಂದು ಪುಟದ ಫೋಟೋ ತೆಗೆದುಕೊಳ್ಳಿ.

ಫೋನಿನ ವಿಷಯದಲ್ಲಿ ತಡ ಮಾಡಬೇಡಿ. ಕೆಲವು ತಿಂಗಳು ರೀಚಾರ್ಜ್ ಮಾಡದಿದ್ದರೆ ನಂಬರು ರದ್ದಾಗಿ ಬೇರೆಯವರಿಗೆ ಹೋಗುತ್ತದೆ. ವಾಟ್ಸಾಪ್ ಖಾತೆ 120 ದಿನ ಬಳಸದೆ ಇದ್ದರೆ ಅಳಿಸಿಹೋಗುತ್ತದೆ. ಅಮ್ಮ ಕಳಿಸಿದ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲೂ ಇರುತ್ತವೆ, ಅಲ್ವಾ? ಅವುಗಳನ್ನು ಒಂದೊಂದಾಗಿ ತೆಗೆದು ಕಂಪ್ಯೂಟರಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಇಡಿ. "ಬರುವಾಗ ಬಾಳೆಲೆ ತಾ" ಅನ್ನುವ ಮೆಸೇಜು ಈಗ ಏನೂ ಅಲ್ಲ ಅನಿಸಬಹುದು. ಆದರೆ ಅದರಲ್ಲಿ ಅಮ್ಮನ ದನಿ ಇದೆ, ಹಿಂದೆ ಕರು ಕೂಗುವುದೂ ಇದೆ.

ಇಸವಿ ಕೂಡಿಸುವುದು

ನಮ್ಮಲ್ಲಿ ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. "ಯಾವ ವರ್ಷ?" ಅಂತ ಕೇಳಿದರೆ "ಆಗ ನೀನು ಹೊಟ್ಟೆಯಲ್ಲಿ" ಅನ್ನುತ್ತಾರೆ. ಅದೂ ಒಂದು ಲೆಕ್ಕವೇ. ಅದರ ಜೊತೆ ಎಲ್ಲರಿಗೂ ಗೊತ್ತಿರುವ ಘಟನೆಗಳನ್ನು ಹಿಡಿದು ಕೇಳಿದರೆ ಇಸವಿ ತಾನಾಗಿ ಬರುತ್ತದೆ.

ದೊಡ್ಡ ಹಾಳೆಯಲ್ಲಿ ಮೂರು ಸಾಲು ಎಳೆಯಿರಿ. ಮೊದಲನೆಯದರಲ್ಲಿ ನಾಡಿನಲ್ಲಿ ಆದದ್ದು, ಎರಡನೆಯದರಲ್ಲಿ ಮನೆಯಲ್ಲಿ ಆದದ್ದು, ಮೂರನೆಯದರಲ್ಲಿ ಅಮ್ಮ ಊರಿಗಾಗಿ ಮಾಡಿದ್ದು. ಅಮ್ಮ ಹುಟ್ಟಿದ್ದು 1953ರಲ್ಲಿ. ಆಗ ನಮ್ಮೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮೂರು ವರ್ಷದ ಮಗು ಮನೆಯ ಅಂಗಳ ದಾಟದೆ ರಾಜ್ಯ ದಾಟಿತು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. ನನ್ನ ತಮ್ಮ ಹುಟ್ಟಿದ ವರ್ಷ ಅದು. 1991ರ ಏಪ್ರಿಲ್ 18ರಂದು ಕೇರಳವನ್ನು ಸಂಪೂರ್ಣ ಸಾಕ್ಷರ ಅಂತ ಘೋಷಿಸಿದರು. ಅದಕ್ಕಿಂತ ಮೊದಲಿನ ಒಂದು ವರ್ಷ ಅಮ್ಮ ಗುಡ್ಡದಾಚೆಯ ಮನೆಗಳಿಗೆ ರಾತ್ರಿ ಅಕ್ಷರ ಕಲಿಸಲು ಹೋಗುತ್ತಿದ್ದಳು. 1998ರಲ್ಲಿ ಕುಟುಂಬಶ್ರೀ ಬಂತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ನಮ್ಮ ಕಡೆಯ ಗೇರುತೋಟಗಳಿಗೆ ಹೊಡೆಯುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕವನ್ನು ನಿಷೇಧಿಸಿತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಕರ್ನಾಟಕದ ಕಡೆಗಿನ ತಲಪಾಡಿ ಗಡಿ ಮುಚ್ಚಿತು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರು ದಾರಿ ಕಾಣದೆ ನಿಂತರು. ಆ ದಿನಗಳಲ್ಲಿ ಅಮ್ಮ ಯಾರ್ಯಾರಿಗೆ ಮದ್ದು ತರಿಸಿಕೊಟ್ಟಳು ಅಂತ ಕೇಳಿದರೆ ಜನರಿಗೆ ತಿಂಗಳು, ವಾರ ಸಮೇತ ನೆನಪು ಬರುತ್ತದೆ.

ನಿಮ್ಮ ಊರಿನ ಸಣ್ಣ ಘಟನೆಗಳನ್ನೂ ಸೇರಿಸಿ. ದೇವಸ್ಥಾನದ ಬ್ರಹ್ಮಕಲಶ ಯಾವಾಗ, ರಸ್ತೆಗೆ ಡಾಂಬರು ಬಿದ್ದದ್ದು ಯಾವಾಗ, ಮನೆಗೆ ಕರೆಂಟು ಬಂದದ್ದು ಯಾವಾಗ, ತೋಡಿಗೆ ಕಟ್ಟ ಹಾಕಲು ಊರವರು ಸೇರಿದ್ದು ಯಾವಾಗ.

ಅಪ್ಪನ ಹತ್ತಿರ ಕೇಳುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದು. ಅವಸರ ಮಾಡಬೇಡಿ.

ನಾನು ಮೊದಲ ಸಲ ತಪ್ಪಾಗಿ ಕೇಳಿದೆ. ಪುಸ್ತಕ, ಪೆನ್ನು ಹಿಡಿದು ಅಪ್ಪನ ಎದುರು ಕೂತು, "ಅಮ್ಮನ ಬಗ್ಗೆ ಏನಾದರೂ ಹೇಳಿ ಅಪ್ಪ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಏನು ಹೇಳುವುದು, ಒಳ್ಳೆಯವಳು" ಅಂದು ಎದ್ದು ತೋಟಕ್ಕೆ ಹೋದರು. ಐವತ್ತು ವರ್ಷ ಒಟ್ಟಿಗೆ ಬಾಳಿದವರಿಗೆ ಅಷ್ಟು ದೊಡ್ಡ ಪ್ರಶ್ನೆ ಕೇಳಬಾರದು. ಅವರಿಗೆ ಅದು ಒಂದು ವಿಷಯವೇ ಅಲ್ಲ, ಅವರು ಬದುಕಿದ್ದೇ ಅದರೊಳಗೆ.

ಎರಡು ತಿಂಗಳು ಬಿಟ್ಟು ಅಡಿಕೆ ಸುಲಿಯುವಾಗ ಜೊತೆಗೆ ಕೂತೆ. ಕೈಗೆ ಕೆಲಸ ಇತ್ತು, ಮುಖ ನೋಡಬೇಕಾಗಿರಲಿಲ್ಲ. ಆಗ ಸಣ್ಣ ಪ್ರಶ್ನೆ ಕೇಳಿದೆ. "ಸಾಕ್ಷರತೆ ಕ್ಲಾಸಿಗೆ ಅಮ್ಮ ಯಾವ ದಾರಿಯಲ್ಲಿ ಹೋಗುತ್ತಿದ್ದಳು?"

ಅಪ್ಪ ದಾರಿ ಹೇಳಿದರು. ತೋಟದ ಕೆಳಗಿನ ಸಂಕ (ಕಾಲುಸೇತುವೆ) ದಾಟಬೇಕು. ಮತ್ತೆ ಗೇರುಗುಡ್ಡೆ ಹತ್ತಬೇಕು. ಮೇಲೆ ಮುರಕಲ್ಲಿನ ಪಾರೆ (ಬಂಡೆ), ಮಳೆಗಾಲದಲ್ಲಿ ಜಾರುತ್ತದೆ. ಆಮೇಲೆ ಇಳಿಜಾರು. "ನಾನು ಹಿಂದಿನಿಂದ ಸೂಟೆ (ಒಣ ತೆಂಗಿನ ಗರಿಯ ಪಂಜು) ಹಿಡಿದು ಹೋಗುತ್ತಿದ್ದೆ. ಅವಳು ಒಳಗೆ ಕಲಿಸುವಾಗ ಅಂಗಳದಲ್ಲಿ ಕೂರುತ್ತಿದ್ದೆ. ಮುಗಿದ ಮೇಲೆ ಪುನಃ ಸೂಟೆ ಹೊತ್ತಿಸಿ ಬರುವುದು."

"ಜೊತೆಗೆ ಇರಲಿ ಅಂತ ಹೋಗುತ್ತಿದ್ರಾ?"

"ಅವಳಿಗೆ ಕತ್ತಲೆ ಅಂದ್ರೆ ಹೆದರಿಕೆ ಅಲ್ವಾ."

ನನ್ನ ಕೈ ನಿಂತಿತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಶುರುವಾದ ಮನೆಗೆ ಓಡಿದವಳು, ಸಾವಿನ ಮನೆಯಲ್ಲಿ ಬೆಳಗಿನವರೆಗೆ ಕೂತವಳು ನಮ್ಮಮ್ಮ. "ನಿಮಗೆ ಹೇಳಬಾರದು ಅಂದಿದ್ದಳು. ಮಕ್ಕಳಿಗೂ ಹೆದರಿಕೆ ಹಿಡಿಯುತ್ತದೆ ಅಂತ" ಅಂದರು ಅಪ್ಪ. ಮತ್ತೆ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು.

ಚೀಲದ ಕೆಂಪು ಟಾರ್ಚು ಅವತ್ತು ಅರ್ಥವಾಯಿತು ಅಂದುಕೊಂಡೆ. ಆದರೆ ಅರ್ಧ ಮಾತ್ರ ಅರ್ಥವಾಗಿತ್ತು.

ಇದರಿಂದ ನಾನು ಕಲಿತದ್ದು ಇಷ್ಟು. ಗುಣ ಕೇಳಬೇಡಿ, ದಾರಿ ಕೇಳಿ. "ಅಮ್ಮ ಹೇಗಿದ್ದಳು" ಅಂತ ಬೇಡ. "ಮೀಟಿಂಗಿನ ದಿನ ಮಧ್ಯಾಹ್ನದ ಗಂಜಿ ಯಾರು ಬೇಯಿಸುತ್ತಿದ್ದರು, ಬಾಗಿಲು ಯಾರು ತೆಗೆಯುತ್ತಿದ್ದರು, ಬಂದ ಕೂಡಲೇ ಮೊದಲು ಏನು ಹೇಳುತ್ತಿದ್ದಳು" ಅಂತ ಕೇಳಿ. ಅಪ್ಪ ಮಾತಾಡುವಾಗ ಫೋನ್ ಹಿಡಿಯಬೇಡಿ. ಮೊದಲ ಕೆಲವು ಸಲ ಕೇಳಿಸಿಕೊಂಡು, ರಾತ್ರಿ ನೆನಪಿನಿಂದ ಬರೆಯಿರಿ. ಸುಮ್ಮನಾದರೆ ಅಲ್ಲಿಗೇ ಬಿಡಿ, "ಮತ್ತೆ?" ಅನ್ನಬೇಡಿ. ಪುಸ್ತಕದಲ್ಲಿ ಅಪ್ಪನಿಗೆ ಅಂತಲೇ ಒಂದು ಪುಟ ಇಡಿ. ಅವರು ಹೇಳಿದ ಹಾಗೇ ಹಾಕಿ, ತಿದ್ದಬೇಡಿ. ನಮ್ಮ ಪುಸ್ತಕದಲ್ಲಿ ಅಪ್ಪನ ಪುಟದಲ್ಲಿ ಒಂಬತ್ತೇ ಸಾಲು ಇವೆ. ಎಲ್ಲವೂ ಆ ದಾರಿಯದ್ದೇ.

ಮನೆ ಮನೆಗೆ ಹೋಗುವುದು

ಈಗ ಊರಿನ ಅರ್ಧ. ಅಮ್ಮ ಕೊನೆಯ ಹದಿನಾಲ್ಕು ವರ್ಷ ಪಂಚಾಯತಿನ ಪಾಲಿಯೇಟಿವ್ ನರ್ಸಿನ ಜೊತೆ ಸ್ವಯಂಸೇವಕಿಯಾಗಿ ಮನೆಭೇಟಿಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದವರ ಮನೆಗೆ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಗೆ ಒಂದು ನೀತಿ ತಂದಿತು. ಆಮೇಲೆ ಹಳ್ಳಿ ಹಳ್ಳಿಯಲ್ಲೂ ಇದು ಬೆಳೆಯಿತು. ನರ್ಸ್ ಗಾಯ ತೊಳೆಯುತ್ತಾರೆ, ಟ್ಯೂಬು ಬದಲಿಸುತ್ತಾರೆ. ಅಮ್ಮ ಏನು ಮಾಡುತ್ತಿದ್ದಳು ಅಂತ ನಮಗೆ ಸರಿಯಾಗಿ ಗೊತ್ತಿರಲಿಲ್ಲ. "ಪಾಲಿಯೇಟಿವಿಗೆ ಹೋಗಿ ಬರುತ್ತೇನೆ" ಅನ್ನುತ್ತಿದ್ದಳು, ನಾವು "ಆಯ್ತು" ಅನ್ನುತ್ತಿದ್ದೆವು.

ನರ್ಸ್ ಬಳಿ ಮನೆಗಳ ಹೆಸರು ಕೇಳಿದೆ. ಅವರು ಕೊಡಲಿಲ್ಲ. ರೋಗಿಗಳ ವಿವರ ಕೊಡುವ ಹಾಗಿಲ್ಲ ಅಂದರು. ಅದು ಸರಿ. ನೀವೂ ಒತ್ತಾಯ ಮಾಡಬೇಡಿ. ಬದಲಿಗೆ "ನಾನು ಹುಡುಕುತ್ತಿದ್ದೇನೆ ಅಂತ ಅವರಿಗೇ ಹೇಳಿ, ಇಷ್ಟವಿದ್ದವರು ಫೋನ್ ಮಾಡಲಿ" ಅಂತ ನಂಬರು ಕೊಟ್ಟು ಬನ್ನಿ. ನನಗೆ ಆರು ಮನೆಯಿಂದ ಫೋನ್ ಬಂತು.

ಆದರೆ ಹದಿಮೂರನೇ ದಿನ ಕೈ ಹಿಡಿದ ಆ ಹೆಂಗಸಿನದು ಬರಲಿಲ್ಲ. ಆಗ ಟಿಕೆಟಿನ ಕಟ್ಟು ನೆನಪಾಯಿತು. ನರ್ಸ್ ಬರದ ದಿನವೂ ಅಮ್ಮ ಒಬ್ಬಳೇ ಬಸ್ಸಿನಲ್ಲಿ ಎಲ್ಲಿಗೋ ಹೋಗುತ್ತಿದ್ದಳು. ಹೆಚ್ಚಿನ ಟಿಕೆಟುಗಳಲ್ಲಿ ಒಂದೇ ದರ. ಬಸ್ಸಿನವರಿಗೆ ತೋರಿಸಿದೆ. ಕಂಡಕ್ಟರ್ ನೋಡಿದ ಕೂಡಲೇ, "ಇದು ನಿಮ್ಮ ಅಮ್ಮ ಇಳಿಯುತ್ತಿದ್ದ ಸ್ಟಾಪು. ಮಂಗಳವಾರ" ಅಂದರು. ಅಲ್ಲಿ ಇಳಿದು ಅಂಗಡಿಯಲ್ಲಿ ಕೇಳಿದೆ. ಗದ್ದೆಯ ಬದಿಯ ದಾರಿ ತೋರಿಸಿದರು.

ಅದೇ ಆ ಹೆಂಗಸಿನ ಮನೆ. ಅವರ ಗಂಡ ಮೂರು ವರ್ಷ ಹಾಸಿಗೆಯಲ್ಲಿದ್ದರಂತೆ. ಅಮ್ಮ ಬಂದು ಅವರ ಉಗುರು ಕತ್ತರಿಸುತ್ತಿದ್ದಳಂತೆ, ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳಂತೆ. ಕುರ್ಚಿ ಕೊಟ್ಟರೂ ಕೂರದೆ ಮೆಟ್ಟಿಲ ಮೇಲೆ ಕೂರುತ್ತಿದ್ದಳಂತೆ. ನಾನು ಕೇಳಿದೆ, "ಧೈರ್ಯ ಅಂದಿರಲ್ಲ, ಯಾಕೆ?" ಅವರು ಹೇಳಿದ್ದು ಇದು. "ಮಂಗಳವಾರ ಅಕ್ಕ ಇರುತ್ತಾರೆ ಅಂತ ನಾನು ನಿಧಾನವಾಗಿ ತಲೆಸ್ನಾನ ಮಾಡುತ್ತಿದ್ದೆ. ಬಾಕಿ ದಿನ ಬಾಗಿಲು ತೆರೆದಿಟ್ಟೇ ಎರಡು ಚೆಂಬು ನೀರು ಹೊಯ್ದುಕೊಂಡು ಬರುವುದು."

ಮನೆಗೆ ಹೋಗುವಾಗ ಕೆಲವು ವಿಷಯ ನೆನಪಿಡಿ. ಅಮ್ಮ ಹೋಗುತ್ತಿದ್ದ ಹೊತ್ತಿಗೇ ಹೋಗಿ, ಆಗ ಮಾತು ಸುಲಭವಾಗಿ ಬರುತ್ತದೆ. ಚಾಯ ಕೊಟ್ಟರೆ ಕುಡಿಯಿರಿ. ಒಂದು ದಿನಕ್ಕೆ ಒಂದೇ ಮನೆ, ಜಾಸ್ತಿ ಬೇಡ. ಒಂದೇ ದಿನ ನಾಲ್ಕು ಮನೆ ಮುಗಿಸಲು ಹೊರಟರೆ ನಾಲ್ಕರಲ್ಲೂ ಮೇಲಿನ ಮಾತೇ ಸಿಗುತ್ತದೆ. ಎಲ್ಲಿ ಕೂರುತ್ತಿದ್ದಳು, ಏನು ತರುತ್ತಿದ್ದಳು, ಯಾವತ್ತಾದರೂ ಬೈದಿದ್ದಳಾ ಅಂತ ಕೇಳಿ. ಬೈದದ್ದನ್ನು ಕೇಳಿದಾಗಲೇ ಜನರ ಮುಖ ಅರಳುವುದು. ರೆಕಾರ್ಡ್ ಮಾಡಬೇಕಿದ್ದರೆ ಕೇಳಿ ಮಾಡಿ, ಫೈಲಿಗೆ ತಾರೀಕು, ಮನೆಯ ಗುರುತು ಅವತ್ತೇ ಹಾಕಿ.

ಅವರ ಮಾತು ಅವರ ಭಾಷೆಯಲ್ಲೇ ಇರಲಿ

ಶುರುವಿನಲ್ಲಿ ನಾನು ಎಲ್ಲವನ್ನೂ ನೇರ ಕನ್ನಡಕ್ಕೆ ಬರೆದುಕೊಂಡೆ. ಮನೆಗೆ ಬಂದು ಓದಿದರೆ ಎಲ್ಲ ಒಂದೇ ಥರ. "ತುಂಬ ಸಹಾಯ ಮಾಡುತ್ತಿದ್ದರು." ತುಳುವಿನಲ್ಲಿ ಅವರು ಹೇಳಿದ್ದು ಧೈರ್ಯ ಅಂತ. ಇನ್ನೊಂದು ಮನೆಯ ಉಮ್ಮ ಮಲಯಾಳದಲ್ಲಿ ಹೇಳಿದ್ದು, "ಚೇಚಿ ವನ್ನಾಲ್ ಒರು ಸಮಾಧಾನಂ." ಅಕ್ಕ ಬಂದರೆ ಒಂದು ಸಮಾಧಾನ. ಒಬ್ಬರಿಗೆ ಅಮ್ಮ ಧೈರ್ಯ, ಒಬ್ಬರಿಗೆ ಸಮಾಧಾನ. ನನ್ನ ಕನ್ನಡದಲ್ಲಿ ಎರಡೂ ಸಹಾಯ ಆಗಿ ಹೋಗಿತ್ತು.

ಹಾಗಾಗಿ ಪ್ರತಿಯೊಬ್ಬರದೂ ಒಂದೊಂದು ವಾಕ್ಯ ಅವರ ಭಾಷೆಯಲ್ಲೇ, ಕನ್ನಡ ಅಕ್ಷರದಲ್ಲಿ ಹಾಕಿ. ಕೆಳಗೆ ಅರ್ಥ ಕೊಡಿ. ಅಮ್ಮನನ್ನು ಯಾರು ಹೇಗೆ ಕರೆಯುತ್ತಿದ್ದರೋ ಅದನ್ನೂ ಹಾಗೇ ಬಿಡಿ. ಅಕ್ಕ, ಅಕ್ಕೆರ್, ಚೇಚಿ, ಟೀಚರ್, ಬಾಯಮ್ಮ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಅಮ್ಮನ ಹೆಸರಿನ ಕೆಳಗೆ ಇಷ್ಟನ್ನೂ ಸಾಲಾಗಿ ಹಾಕಿದೆವು. ಹುಟ್ಟಿದ, ತೀರಿದ ತಾರೀಕಿಗಿಂತ ಅದು ಚೆಂದ ಕಾಣುತ್ತದೆ.

ಏನು ಹಾಕಬಾರದು, ಏನು ಬಿಡಬಾರದು

ಕಾಯಿಲೆಯವರ ಹೆಸರು, ಫೋಟೋ ಹಾಕಬೇಡಿ. ಮನೆಯವರು ಒಪ್ಪಿದರೂ ಎರಡು ಸಲ ಯೋಚಿಸಿ. ಎಂಡೋಸಲ್ಫಾನಿನಿಂದ ನರಳಿದ ನಮ್ಮ ಕಡೆಯ ಮಕ್ಕಳ ಫೋಟೋಗಳು ಬೇಕಾದಷ್ಟು ಆಗಿವೆ. ಅಂಥ ಮನೆಗಳಿಗೂ ಅಮ್ಮ ಹೋಗುತ್ತಿದ್ದಳು. ಅಲ್ಲಿಯ ಒಂದು ಫೋಟೋವೂ ಅವಳ ಫೋನಿನಲ್ಲಿ ಇರಲಿಲ್ಲ. ಅಮ್ಮ ತೆಗೆಯದ ಫೋಟೋವನ್ನು ನಾವು ಯಾಕೆ ಹಾಕಬೇಕು?

ಬೇಸರದ ಮಾತುಗಳನ್ನು ಮಾತ್ರ ಬಿಡಬೇಡಿ. ಅಯಲ್ಕೂಟದಲ್ಲಿ ಒಬ್ಬರಿಗೆ ಅಮ್ಮ ಎರಡನೇ ಸಾಲ ಕೊಡಲು ಒಪ್ಪಿರಲಿಲ್ಲ. ಮೊದಲನೆಯದು ತೀರಲಿ ಅಂತ ಹಟ ಹಿಡಿದಿದ್ದಳು. ಅವರಿಗೆ ಇವತ್ತಿಗೂ ನೋವಿದೆ. ಅವರನ್ನು ಕೇಳಿ, ಹೆಸರು ಇಲ್ಲದೆ ಹಾಕಿದೆವು. ತಂಗಿಯದೂ ಒಂದು ಇದೆ. ಅವಳಿಗೆ ಶಾಲೆಯಲ್ಲಿ ಭಾಷಣಕ್ಕೆ ಬಹುಮಾನ ಬಂದ ದಿನ ಅಮ್ಮ ಬರಲಿಲ್ಲ, ಯಾರದೋ ಆಸ್ಪತ್ರೆಗೆ ಹೋಗಿದ್ದಳು. "ಊರಿಗೆಲ್ಲ ಇದ್ದಳು, ನನಗೆ ಅವತ್ತು ಇರಲಿಲ್ಲ" ಅಂತ ತಂಗಿ ಬರೆದಳು. ತಮ್ಮ ಬೇಡ ಅಂದ. ನಾನು ಇರಲಿ ಅಂದೆ. ಮನೆಯವರು ಅಮ್ಮನನ್ನು ಊರಿಗೆ ಬಿಟ್ಟುಕೊಟ್ಟದ್ದೂ ಅಮ್ಮನ ಕತೆಯೇ. ತಂಗಿ ಅಷ್ಟು ಬರೆದ ಮೇಲೆಯೇ ಅಳಲು ಶುರು ಮಾಡಿದ್ದು. ಅದುವರೆಗೆ ಅವಳು ಅತ್ತಿರಲಿಲ್ಲ.

ಬರೆಯುವಾಗ

ಸಾಧ್ವಿ, ಮಮತಾಮಯಿ, ತ್ಯಾಗಮೂರ್ತಿ, ಅನ್ನಪೂರ್ಣೆ. ಈ ಪದಗಳು ಸುಳ್ಳಲ್ಲ. ಆದರೆ ಯಾರ ಅಮ್ಮನಿಗೂ ಹೊಂದುತ್ತವೆ. ಅಂಥ ಒಂದು ಪದ ಬಂದ ಕಡೆ ಅದನ್ನು ಹೊಡೆದು, ಅಮ್ಮ ಮಾಡಿದ ಒಂದು ಕೆಲಸ ಬರೆಯಿರಿ. ನಾನು ಮೊದಲು ಬರೆದದ್ದು "ಅಮ್ಮ ದೀನರ ಸೇವೆಯಲ್ಲಿ ಸದಾ ಮುಂದಿದ್ದಳು" ಅಂತ. ಆಮೇಲೆ ಅದು ಹೀಗಾಯಿತು: "ಅಮ್ಮನ ಚೀಲದಲ್ಲಿ ನಾಲ್ಕು ಉಗುರು ಕಟರ್ ಇದ್ದವು. ಒಬ್ಬರಿಗೆ ಬಳಸಿದ್ದನ್ನು ತೊಳೆಯದೆ ಇನ್ನೊಬ್ಬರಿಗೆ ಬಳಸಬಾರದು ಅಂತ."

ನಮ್ಮ ಕಡೆ ಕೆಲವು ಮನೆಗಳಲ್ಲಿ ಚರಮಗೀತೆ ಬರೆಸಿ ಓದುವ ಕ್ರಮ ಇದೆ. ಅದನ್ನು ಬಿಡಬೇಡಿ, ಒಳ್ಳೆಯ ಕ್ರಮ. ಬರೆಯುವವರಿಗೆ ಬರೀ ಹೆಸರು, ಊರು, ಮಕ್ಕಳ ಹೆಸರು ಕೊಟ್ಟರೆ ಅವರಾದರೂ ಏನು ಮಾಡುತ್ತಾರೆ? ಸಂಕ, ಸೂಟೆ, ಕಟರ್ ಇವನ್ನ ಕೊಡಿ. ನಮಗೆ ಬರೆದುಕೊಟ್ಟವರು ಭಾಮಿನಿ ಷಟ್ಪದಿಯಲ್ಲಿ ಸೂಟೆಯನ್ನು ತಂದಿದ್ದರು. ಅಪ್ಪ ಆ ಪದ್ಯವನ್ನು ಎರಡು ಸಲ ಓದಿಸಿದರು.

ಹಳೆ ಫೋಟೋಗಳ ಕೆಲಸವನ್ನು ಮಳೆಗಾಲಕ್ಕೆ ಮೊದಲು ಮುಗಿಸಿ. ಆಟಿ ತಿಂಗಳ ಮಳೆಯಲ್ಲಿ ಆಲ್ಬಮ್ ತೆರೆದರೆ ಬೂಸ್ಟು ಹಿಡಿದು ಫೋಟೋ ಹಾಳೆಗೆ ಅಂಟಿರುತ್ತದೆ. ಹಾಗೆ ಅಂಟಿದ್ದನ್ನು ಎಳೆಯಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿಸಿ. ಸಣ್ಣ ಫೋಟೋ ಆದರೆ 600 ಡಿಪಿಐ, ದೊಡ್ಡದಕ್ಕೆ 300 ಸಾಕು. ಹಿಂದೆ ಹೆಸರು ಬರೆಯುವುದಿದ್ದರೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಬಾಲ್ ಪೆನ್ನಿನ ಗೆರೆ ಮುಂದೆ ಉಬ್ಬಿ ಕಾಣುತ್ತದೆ. ಗುರುತು ಸಿಗದವರನ್ನು ಕತ್ತರಿಸಿ ತೆಗೆಯಬೇಡಿ. ಅಂಥ ಒಂದು ಫೋಟೋವನ್ನು ನಾವು "ಇವರು ಯಾರು ಅಂತ ಗೊತ್ತಿದ್ದರೆ ತಿಳಿಸಿ" ಅಂತ ಹಾಕಿದೆವು. ಮೂರು ಜನ ತಿಳಿಸಿದರು.

ಅಚ್ಚು, ಹಂಚುವುದು

ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವ ಹಾಗಿರಲಿ, ಮಧ್ಯಕ್ಕೆ ಪಿನ್ನು ಹೊಡೆಯುವ ಪುಸ್ತಕಕ್ಕೆ ಅದು ಬೇಕು. ಡಿಟಿಪಿ ಅಂಗಡಿಯಲ್ಲಿ ಯಾವ ಫಾಂಟ್ ಅಂತ ಮೊದಲೇ ಕೇಳಿ. ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಹಲವರು ಈಗಲೂ ನುಡಿ, ಬರಹದಂಥ ಹಳೆ ಫಾಂಟಿನಲ್ಲಿ ಕೆಲಸ ಮಾಡುತ್ತಾರೆ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ಪ್ರೂಫ್ ಕಾಗದದ ಮೇಲೆ ತೆಗೆಸಿ ಓದಿ. ಮನೆಯವರಲ್ಲದ ಒಬ್ಬರಿಂದಲೂ ಓದಿಸಿ. ಮನೆಯವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಅಮ್ಮನೇ ಕಾಣುತ್ತಾಳೆ.

ಒಂದೆರಡು ಪುಟ ಮಲಯಾಳದಲ್ಲಿ ಇರಲಿ. ನಮ್ಮ ಮಕ್ಕಳಲ್ಲೇ ಎಷ್ಟು ಜನ ಈಗ ಕನ್ನಡ ಓದುತ್ತಾರೆ ಹೇಳಿ? ಓದಲು ಬಾರದವರಿಗೆ ಓದಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಬಹುದು.

ಮೊದಲ ಪ್ರತಿಗಳು ನೀವು ಹೋಗಿ ಬಂದ ಮನೆಗಳಿಗೆ ಹೋಗಲಿ. ನೆಂಟರಿಗೆ ಆಮೇಲೆ ಕೊಟ್ಟರೂ ಆಗುತ್ತದೆ. ಅಂಗನವಾಡಿ, ಶಾಲೆ, ಊರಿನ ಗ್ರಂಥಾಲಯಕ್ಕೆ ಒಂದೊಂದು ಕೊಡಿ. ಕೇರಳದಲ್ಲಿ ಜೂನ್ 19 ವಾಚನ ದಿನ. ಗ್ರಂಥಾಲಯದವರು ಆ ದಿನ ಕಾರ್ಯಕ್ರಮ ಇಟ್ಟರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಪುಸ್ತಕದ ಕೊನೆಯಲ್ಲಿ ಕೆಲವು ಹಾಳೆ ಖಾಲಿ ಬಿಡಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮನೆಯಲ್ಲಿ ಇಡುವ ಒಂದು ಪ್ರತಿಯನ್ನು ಬಂದವರ ಕೈಗೆ ಕೊಟ್ಟು, "ನಿಮಗೆ ಗೊತ್ತಿರುವುದು ಇದರಲ್ಲಿ ಇಲ್ಲದಿದ್ದರೆ ಬರೆಯಿರಿ" ಅನ್ನಿ. ನಮ್ಮದರಲ್ಲಿ ನಾಲ್ಕು ಪುಟ ತುಂಬಿದೆ. ಕಳೆದ ತಿಂಗಳು ಗುಡ್ಡದಾಚೆಯ ಮನೆಯ ಹುಡುಗನೊಬ್ಬ ಬಂದಿದ್ದ. ಅವನ ಅಜ್ಜಿ ಸಾಕ್ಷರತೆ ಕ್ಲಾಸಿನಲ್ಲಿ ಅಮ್ಮನ ಹತ್ತಿರ ಕಲಿತವರು. ಅವನು ಚೀಲದ ಪಟ್ಟಿ ಇರುವ ಪುಟ ಓದಿದ. ಪೆನ್ನು ಕೇಳಿ ಪಡೆದು, ಕೊನೆಯ ಹಾಳೆಯಲ್ಲಿ ಮಲಯಾಳದಲ್ಲಿ ಹೀಗೆ ಬರೆದ: ಕೆಂಪು ಟಾರ್ಚು ನಮ್ಮ ಮನೆಯದ್ದು. ಟೀಚರಿಗೆ ಕತ್ತಲೆ ಹೆದರಿಕೆ ಅಂತ ಅಜ್ಜಿ ಪೇಟೆಯಿಂದ ತರಿಸಿ ಕೊಟ್ಟದ್ದು. ವಾಪಸ್ ಬೇಡ.